ಹನ್ನೆರಡು ಬನಿಯನ್‌ಗಳ ಮಹಜರು

ನನ್ನ ತಮ್ಮ ಸುಳ್ಳು ಹೇಳುವವನಲ್ಲ. ಆದರೆ ನಿಜಕ್ಕೆ ಇಸ್ತ್ರಿ ಹಾಕಿ, ಗರಿಗರಿ ಮಾಡಿ ಹೇಳುವ ಚಟ ಅವನಿಗೆ ಮೊದಲಿನಿಂದಲೂ ಇದೆ. ಬೀಜ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವನ ಕೆಲಸ ಪೊಟ್ಟಣಗಳ ಮೇಲೆ ಚೀಟಿ ಅಂಟಿಸುವುದು. ಯಾರಾದರೂ ಕೇಳಿದರೆ "ಮಾಹಿತಿ ನಿರ್ವಹಣೆ" ಎನ್ನುತ್ತಾನೆ. ಮಣ್ಣಿನ ವಿಷಯದಲ್ಲಿ ಪಿಎಚ್.ಡಿ. ಮಾಡಿರುವುದರಿಂದ ಬೀದಿಯವರೆಲ್ಲ ಅವನನ್ನು ಡಾಕ್ಟ್ರು ಎಂದು ಕರೆಯುತ್ತಾರೆ. ಮೂಲೆಮನೆ ಅಜ್ಜಿಯಂತೂ ವಾರಕ್ಕೊಮ್ಮೆ ಗೇಟಿನ ಹತ್ತಿರ ಬಂದು ಮೊಣಕಾಲು ತೋರಿಸುತ್ತಾರೆ. ಇವನು ಬಗ್ಗಿ ನೋಡಿ "ಹೂಂ" ಎಂದು ತಲೆಯಾಡಿಸುತ್ತಾನೆ. ಇದನ್ನೆಲ್ಲ ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿರುತ್ತೇನೆ. ನೋಡುವುದು ಮತ್ತು ಹೆದರುವುದು ನನಗೆ ಬೇರೆ ಬೇರೆ ಕೆಲಸಗಳಲ್ಲ.

ಅವನಿಗೆ ಮೂವತ್ನಾಲ್ಕು ವರ್ಷ. ನಮ್ಮ ಮಹಡಿಯ ಕೋಣೆಯಲ್ಲಿರುತ್ತಾನೆ. ಪ್ರಯೋಗಾಲಯದ ನೌಕರಿ ಮೂರು ತಿಂಗಳಿಗೊಮ್ಮೆ ಮುಗಿಯುತ್ತದೆ, ಮೂರು ತಿಂಗಳಿಗೊಮ್ಮೆ ಮತ್ತೆ ಹುಟ್ಟುತ್ತದೆ. ಇದನ್ನು ನೋಡಿ ಸಾಕಾಗಿ ನನ್ನ ಯಜಮಾನರು ತಮಗೆ ಗೊತ್ತಿದ್ದ ರಾಸಾಯನಿಕ ಗೊಬ್ಬರದ ಕಂಪನಿಯೊಂದರಲ್ಲಿ ಅವನಿಗೆ ಮಾರಾಟ ಪ್ರತಿನಿಧಿಯ ಕೆಲಸ ಗೊತ್ತುಮಾಡಿಟ್ಟರು.

"ಎರಡೂವರೆ ತಿಂಗಳು ಟೈಮ್ ಕೇಳಿದ್ದೀನಿ ಕಣಯ್ಯ. ಆಮೇಲೆ ಹೂಂ ಅನ್ಬೇಕು, ಇಲ್ಲ ಉಹೂಂ ಅನ್ಬೇಕು."

"ಭಾವಾ, ನಾನು ಐದು ವರ್ಷ ಸಂಶೋಧನೆ ಮಾಡಿದ್ದು, ಅಂಥ ಗೊಬ್ಬರ ಕಡಿಮೆ ಮಾಡೋದು ಹೇಗೆ ಅಂತ."

"ಒಳ್ಳೇದಾಯ್ತು. ಶತ್ರುವಿನ ಗುಟ್ಟೆಲ್ಲ ಗೊತ್ತಿರುತ್ತೆ."

ಅದೇ ವಾರ ಆ ಪ್ರಕಟಣೆ ಬಂತು. ಸುಸ್ಥಿರ ಕೃಷಿಯಲ್ಲಿ ಹತ್ತು ತಿಂಗಳ ತರಬೇತಿ. ಊಟ, ವಸತಿ, ಹೊಲ, ಪ್ರಯೋಗಾಲಯ, ಪಾಠ ಹೇಳಲು ಆ ವಿಷಯದಲ್ಲಿ ಹೆಸರು ಮಾಡಿದವರು. ವೃತ್ತಿಯ ಆರಂಭದಲ್ಲಿರುವ ಸಂಶೋಧಕರಿಗೆ ಮಾತ್ರ; ಪಿಎಚ್.ಡಿ. ಮುಗಿದು ಐದು ವರ್ಷ ದಾಟಿರಕೂಡದು. ನನ್ನ ತಮ್ಮನ ಆರಂಭ ಮುಗಿಯಲು ಇನ್ನು ಮೂರೇ ತಿಂಗಳಿತ್ತು. ಅರ್ಜಿಯ ಜೊತೆ ಸ್ವಂತವಾಗಿ ಮಾಡಿದ ಒಂದು ಸಣ್ಣ ಪ್ರಯೋಗದ ವರದಿ ಕೊಡಬೇಕು. ಕಡಿಮೆಯೆಂದರೂ ಹತ್ತು ಜಾಗದಲ್ಲಿ, ಅರವತ್ತು ದಿನ, ಸ್ಥಳೀಯರ ಸಹಕಾರದೊಂದಿಗೆ ನಡೆದಿರಬೇಕು.

"ಬನಿಯನ್ ಹೂಳ್ತೀನಿ," ಎಂದ ತಮ್ಮ.

ನಾನು ಒಲೆ ಆರಿಸಿದೆ.

"ಹೆದರ್ಕೋಬೇಡ ಅಕ್ಕಾ. ಹತ್ತಿ ಬಟ್ಟೇನ ಮಣ್ಣಲ್ಲಿ ಹೂತಿಟ್ರೆ ಮಣ್ಣಲ್ಲಿರೋ ಜೀವಿಗಳು ಅದನ್ನ ತಿಂತಾವೆ. ಎರಡು ತಿಂಗಳಾದ್ಮೇಲೆ ತೆಗೆದು, ಎಷ್ಟು ಉಳಿದಿದೆ ಅಂತ ತೂಕ ಮಾಡಿದ್ರೆ ಮಣ್ಣಿಗೆ ಎಷ್ಟು ಜೀವ ಇದೆ ಗೊತ್ತಾಗುತ್ತೆ. ಖರ್ಚಿಲ್ಲ, ಯಂತ್ರ ಬೇಡ. ತುಂಬಾ ಸೊಗಸಾದ ಪ್ರಯೋಗ."

ನಮ್ಮ ಬೀದಿಯಲ್ಲಿ ಹನ್ನೆರಡು ಮನೆ. ಹನ್ನೊಂದಕ್ಕೆ ಕೈತೋಟವಿದೆ, ಮೂಲೆಮನೆ ಅಜ್ಜಿಯ ಅಂಗಳಕ್ಕೆ ಮಾತ್ರ ಸಿಮೆಂಟು. ಆದ್ದರಿಂದ ಒಂದೇ ಅಳತೆಯ, ಒಂದೇ ನೂಲಿನ ಹನ್ನೊಂದು ಬನಿಯನ್ ಕೊಳ್ಳಲು ಇಬ್ಬರೂ ಬಟ್ಟೆ ಅಂಗಡಿಗೆ ಹೋದೆವು.

"ಡಜನ್ನೇ ತಗೊಳ್ಳಿ ಸರ್. ಹನ್ನೊಂದು ಯಾರಾದ್ರೂ ತಗೋತಾರಾ?" ಎಂದ ಅಂಗಡಿಯವನು.

"ಜಾಗ ಇರೋದು ಹನ್ನೊಂದೇ."

"ಯಾವುದಕ್ಕೆ ಜಾಗ?"

"ಹೂಳೋದಕ್ಕೆ."

ಅಂಗಡಿಯವನು ಬನಿಯನ್‌ಗಳನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ನಾವು ಹೊರಡುವಾಗ ಎದ್ದು ನಿಂತ.

ಇಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಇದೇ ಮಾತನ್ನು ಇದೇ ರೀತಿ ಬೀದಿಯವರಿಗೂ ಹೇಳಿದ್ದರೆ ಈ ಕಥೆ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ಮೊದಲನೆಯ ಗೇಟು ಸರ್ವೇ ಸಾಹೇಬರದು.

ಸರ್ವೇ ಸಾಹೇಬರು ಮೂವತ್ತಾರು ವರ್ಷ ಭೂಮಾಪನ ಮಾಡಿ ನಿವೃತ್ತರಾದವರು. ಅವರ ತೋಟದಲ್ಲಿ ಗಿಡದಿಂದ ಗಿಡಕ್ಕೆ ಇರುವ ಅಂತರವನ್ನು ಟೇಪು ಹಿಡಿದು ನೋಡಬಹುದು. ಅವರು ನೋಡುತ್ತಾರೆ ಕೂಡ. ಒಂದು ಒಣ ಎಲೆ ಬಿದ್ದರೆ ಅದು ನೆಲ ಮುಟ್ಟುವುದರೊಳಗೆ ಎತ್ತಿ ಹಾಕುತ್ತಾರೆ. ವಾರಕ್ಕೆರಡು ಸಲ ಔಷಧಿ ಹೊಡೆಯುವುದರಿಂದ ಆ ತೋಟಕ್ಕೆ ಇರುವೆಯೂ ಅನುಮತಿ ಕೇಳಿಯೇ ಬರಬೇಕು. ಅವರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಗೇಟಿಗೆ ಬಂದು, "ನನ್ನ ಜಾಗದಲ್ಲಿ ಏನು ಹೂಳ್ತೀರಿ ಡಾಕ್ಟ್ರೇ?" ಎಂದು ಕೇಳಿದರು.

ತಮ್ಮ ಬಾಯಿ ತೆರೆದ. "ಬ" ಎನ್ನುವ ಅಕ್ಷರಕ್ಕೆ ತುಟಿ ಕೂಡಿತ್ತು, ನಾನೇ ನೋಡಿದ್ದೇನೆ. ಆಮೇಲೆ ಆ ಅಂಗಿಯ ಗೆರೆಗಳನ್ನು ನೋಡಿದ.

"ಉಪಕರಣ, ಸರ್. ಮಣ್ಣಿನ ಜೀವಶಕ್ತಿ ಅಳೆಯೋ ಉಪಕರಣ."

"ಬೆಲೆಬಾಳೋದಾ?"

"ಬೆಲೆ ಕಟ್ಟೋಕಾಗಲ್ಲ ಸರ್."

"ನೋಡಬಹುದಾ?"

"ಅದು... ನೋಡಿದ್ರೆ ಪ್ರಯೋಗ ಕೆಡುತ್ತೆ. ಹೂಳೋವಾಗ ಮಾಲೀಕರು ಆ ಕಡೆ ತಿರುಗಿ ನಿಲ್ಲಬೇಕಾಗುತ್ತೆ."

ಸರ್ವೇ ಸಾಹೇಬರು ಗೋಡೆಯ ಕಡೆ ತಿರುಗಿ, ಕೈಗಳನ್ನು ಹಿಂದೆ ಕಟ್ಟಿಕೊಂಡು, ನೆಟ್ಟಗೆ ನಿಂತರು. ತಮ್ಮ ಒಂದು ಗೇಣು ಆಳದ ಗುಂಡಿ ತೋಡಿ, ಬನಿಯನ್ ಹಾಸಿ, ಮಣ್ಣು ಮುಚ್ಚಿದ. ಚೀಲ ಹಿಡಿದುಕೊಂಡಿದ್ದವಳು ನಾನು. ಆ ಚೀಲದ ಭಾರ ನನಗೆ ಇವತ್ತಿಗೂ ನೆನಪಿದೆ.

ಒಂದು ಮನೆಯಲ್ಲಿ ಹೇಳಿದ್ದನ್ನು ಇನ್ನೊಂದರಲ್ಲಿ ಬದಲಾಯಿಸುವ ಹಾಗಿಲ್ಲವಲ್ಲ. ಹಾಗಾಗಿ ಆ ಬೆಳಿಗ್ಗೆ ನನ್ನ ಯಜಮಾನರೂ ಸೇರಿ ಹತ್ತು ಮನೆಯವರು ಗೋಡೆಯ ಕಡೆ ತಿರುಗಿ ನಿಂತರು. ಟೈಲರಮ್ಮ ಒಬ್ಬರೇ ತಿರುಗಲಿಲ್ಲ. ಹೊಲಿಗೆ ಯಂತ್ರದಿಂದ ತಲೆಯನ್ನೇ ಎತ್ತದೆ, "ಹಿತ್ತಲಲ್ಲಿ ಎಲ್ಲಾದ್ರೂ ಹಾಕೋಗಪ್ಪ, ನನಗೆ ಇವತ್ತು ಆರು ರವಿಕೆ ಕೊಡೋದಿದೆ," ಎಂದರು. ಅವರ ಹಿತ್ತಲು ಬೀದಿಯ ಮರ್ಯಾದೆಗೆ ಕುಂದು ಎಂದು ಸರ್ವೇ ಸಾಹೇಬರು ಮೂರು ಸಲ ಬರವಣಿಗೆಯಲ್ಲಿ ತಿಳಿಸಿದ್ದರು. ತರಕಾರಿ ಸಿಪ್ಪೆ, ಕೊಳೆತ ಹಣ್ಣು, ಒಣಗಿದ ಎಲೆ, ಎಲ್ಲವನ್ನೂ ಅವರು ಕಿಟಕಿಯಿಂದಲೇ ಎಸೆಯುತ್ತಿದ್ದರು. ಹದಿನೈದು ವರ್ಷದಿಂದ ಅಲ್ಲಿ ಯಾರೂ ಏನನ್ನೂ ಗುಡಿಸಿರಲಿಲ್ಲ.

ಅಂತೂ ಮುಗಿಯಿತು ಎಂದು ಮನೆಗೆ ಬಂದರೆ ನಮ್ಮ ಮೆಟ್ಟಿಲ ಮೇಲೆ ಮೂಲೆಮನೆ ಅಜ್ಜಿ ಕೂತಿದ್ದರು.

"ಏನಪ್ಪಾ ಡಾಕ್ಟ್ರೇ, ಬೀದಿಗೆಲ್ಲ ಉಪಕರಣ ಹಂಚಿದೆಯಂತೆ. ನಾನೇನು ಬೀದೀಲಿಲ್ವಾ?"

"ಅಜ್ಜಿ, ನಿಮ್ಮನೇಲಿ ಮಣ್ಣೇ ಇಲ್ಲ. ಬರೀ ಸಿಮೆಂಟು."

"ಕುಂಡದಲ್ಲಿರೋದೇನು, ರವೇನಾ?"

ಹನ್ನೆರಡನೆಯ ಬನಿಯನ್ ಇರಲಿಲ್ಲ. ತಮ್ಮ ಹಿತ್ತಲಿಗೆ ಹೋಗಿ, ಹಗ್ಗದ ಮೇಲೆ ಒಣಗುತ್ತಿದ್ದುದರಲ್ಲಿ ಒಂದನ್ನು ಎಳೆದುಕೊಂಡು ಬಂದು, ಅಜ್ಜಿ ಗೋಡೆ ನೋಡುತ್ತಿರುವಾಗ ನಾಲ್ಕು ಮಡಿಕೆ ಮಾಡಿ ಕುಂಡದೊಳಕ್ಕೆ ತುರುಕಿದ. ಆ ಸಂಜೆ ನನ್ನ ಯಜಮಾನರು, "ಲೇ, ನನ್ನ ಬನಿಯನ್ ಒಂದು ಕಾಣ್ತಿಲ್ಲ," ಎಂದರು. "ಗಾಳಿ ಜಾಸ್ತಿ ಇತ್ತು," ಎಂದೆ ನಾನು. ಗಾಳಿ ಇದ್ದದ್ದೇನೋ ನಿಜ.

ಎರಡು ವಾರದೊಳಗೆ ಉಪಕರಣ ಕೆಲಸ ಮಾಡಲು ಶುರುಮಾಡಿತು. ಅಜ್ಜಿಗೆ ಕುಂಡದ ಪಕ್ಕ ಕುರ್ಚಿ ಹಾಕಿಕೊಂಡು ಕೂತರೆ ಮೊಣಕಾಲು ಬೆಚ್ಚಗಾಗುತ್ತಿತ್ತು. ಮೂರನೇ ಮನೆಯವರ ಫೋನಿನ ಸಿಗ್ನಲ್ ಹೋಯಿತು. ಏಳನೇ ಮನೆಯವರಿಗೆ ಅದೇ ಸಿಗ್ನಲ್ ಬಂತು. ಇಬ್ಬರೂ ನನ್ನ ತಮ್ಮನೇ ಕಾರಣ ಎಂದರು. ಅಜ್ಜಿಯ ಕುಂಡದ ಸುತ್ತ ಸಂಜೆ ಐದಕ್ಕೆ ನಾಲ್ಕು ಕುರ್ಚಿ ಬೀಳತೊಡಗಿದವು.

ಸರ್ವೇ ಸಾಹೇಬರಂತೂ ಹೂತ ದಿನವೇ ಉಪಕರಣದ ನಾಲ್ಕು ಮೂಲೆಗೂ ಗೂಟ ಹೊಡೆದು, ಹಗ್ಗ ಕಟ್ಟಿ, "ವೈಜ್ಞಾನಿಕ ಪ್ರದೇಶ" ಎಂದು ಫಲಕ ಹಾಕಿದರು. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಅದರ ಮುಂದೆ ನಿಂತು, ನೋಟ್‌ಬುಕ್ಕಿನಲ್ಲಿ "ಯಥಾಸ್ಥಿತಿ" ಎಂದು ಬರೆದು ಸಹಿ ಹಾಕುತ್ತಿದ್ದರು.

"ಈಗ್ಲಾದ್ರೂ ನಿಜ ಹೇಳಿಬಿಡೋ," ಎಂದು ನಾನು ತಮ್ಮನಿಗೆ ಹೇಳಿದೆ.

"ಅಕ್ಕಾ, ಆ ಮನುಷ್ಯ ದಿನಕ್ಕೆರಡು ಸಲ ಸಹಿ ಹಾಕ್ತಿದ್ದಾನೆ. ಬನಿಯನ್‌ಗೆ ಅಂತ ಹೇಗೆ ಹೇಳ್ಲಿ? ಅರವತ್ತು ದಿನ ತಾನೇ. ನಾನೇ ಒಬ್ಬನೇ ಹೋಗಿ ತೆಗೆದುಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

ಅಡುಗೆಮನೆಯ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ನಾನು ದಿನಕ್ಕೊಂದು ಗೀಟು ಹಾಕುತ್ತ ಬಂದೆ. ಐವತ್ತೈದು ಗೀಟು ಬಿತ್ತು. ಅರವತ್ತೊಂದನೆಯ ದಿನ ಅರ್ಜಿ ಕಳಿಸಲು ಕೊನೆ. ಅದೇ ದಿನ ಗೊಬ್ಬರದ ಕಂಪನಿಗೆ ಉತ್ತರ ಕೊಡಲೂ ಕೊನೆ.

ಐವತ್ತಾರನೆಯ ದಿನ ಬೆಳಿಗ್ಗೆ ಬೀದಿಗೆ ನಗರಸಭೆಯ ಜೀಪು ಬಂತು. ಅದರಿಂದ ಇನ್‌ಸ್ಪೆಕ್ಟರು ಇಳಿದರು. ಅವರ ಹಿಂದೆ ಹೆಲ್ಮೆಟ್ ಹಾಕಿದ ಇಬ್ಬರು ಕೆಲಸದವರು, ಒಂದು ಹಾರೆ, ಎರಡು ಗುದ್ದಲಿ, ಒಂದು ಬಕೆಟ್ ಮರಳು. ಮರಳು ಯಾಕೆ ಎಂದು ಆಮೇಲೆ ಹೊಳೆಯಿತು: ಒಳಗಿರುವುದು ಸಿಡಿದರೆ ಮೇಲೆ ಸುರಿಯಲು.

"ಯಾರು ಕಂಪ್ಲೇಂಟ್ ಕೊಟ್ಟಿದ್ದು?" ಎಂದು ಬೀದಿಯೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಕೊಟ್ಟಿರಲಿಲ್ಲ. ಸರ್ವೇ ಸಾಹೇಬರು ನಗರಸಭೆಗೆ ಅಭಿಮಾನದಿಂದ ಒಂದು ಪತ್ರ ಬರೆದಿದ್ದರು, ಅಷ್ಟೇ. ನಮ್ಮ ಬೀದಿಯಲ್ಲಿ ಹನ್ನೆರಡು ಕಡೆ ಬೆಲೆ ಕಟ್ಟಲಾಗದ, ಕಣ್ಣಿಂದ ನೋಡಲೂ ಬಾರದ ಉಪಕರಣಗಳನ್ನು ನೆಲದೊಳಗೆ ಅಳವಡಿಸಲಾಗಿದೆ. ಇವುಗಳಿಗೆ ಸೂಕ್ತ ಕಾವಲು ಒದಗಿಸಬೇಕು ಎಂದು. ಕಾವಲು ಕೇಳಿದ ಪತ್ರವನ್ನು ಓದಿದ ಕಚೇರಿ ಗುದ್ದಲಿ ಕಳಿಸಿತ್ತು.

"ಪರವಾನಗಿ ಎಲ್ಲಿ?" ಎಂದರು ಇನ್‌ಸ್ಪೆಕ್ಟರು.

"ಅದಕ್ಕೆ ಪರವಾನಗಿ ಬೇಕಾಗಲ್ಲ ಸರ್," ಎಂದ ತಮ್ಮ.

"ನೆಲದೊಳಗೆ ಏನೇ ಇಟ್ರೂ ಬೇಕು. ಏನಿದೆ ಒಳಗೆ?"

ತಮ್ಮ ನನ್ನ ಕಡೆ ನೋಡಿದ. ನಾನು ಕಣ್ಣಲ್ಲೇ ಹೇಳು ಎಂದೆ. ಇನ್ನು ನಾಲ್ಕು ದಿನ ಅವು ನೆಲದಲ್ಲಿರಬೇಕಾದರೆ ಮಾನ ಹೋದರೂ ಸರಿ, ಈಗ ನಿಜ ಹೇಳಲೇಬೇಕಿತ್ತು. ಅವನಿಗೂ ಅದು ಗೊತ್ತಾಯಿತು. ಕಣ್ಣು ಮುಚ್ಚಿಕೊಂಡು ಹೇಳಿದ.

"ಬನಿಯನ್."

ಮೊದಲು ನಕ್ಕವರು ಸರ್ವೇ ಸಾಹೇಬರು. ಆಮೇಲೆ ಎಲ್ಲರೂ ನಕ್ಕರು. ಹೆಲ್ಮೆಟ್ಟಿನವರೂ ನಕ್ಕರು.

"ನೋಡಿ ಡಾಕ್ಟ್ರೇ," ಎಂದರು ಇನ್‌ಸ್ಪೆಕ್ಟರು, "ಹದಿನೆಂಟು ವರ್ಷದ ಸರ್ವೀಸಲ್ಲಿ ಜನ ನನಗೆ ಎಂತೆಂಥ ಕಥೆ ಹೇಳಿದ್ದಾರೆ. ಇಷ್ಟು ಬಡಕಲು ಕಥೆ ಯಾರೂ ಹೇಳಿಲ್ಲ."

"ದೇವರಾಣೆ ಬನಿಯನ್ ಸರ್! ಹತ್ತಿ ಬನಿಯನ್!"

ಸರ್ವೇ ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟು, ಕಿವಿಯಲ್ಲಿ, "ಗೌಪ್ಯತೆ ಅರ್ಥ ಆಗುತ್ತೆ ಡಾಕ್ಟ್ರೇ. ಆದ್ರೆ ಇವರು ಸರ್ಕಾರದವರು. ಇವರ ಹತ್ರ ಮುಚ್ಚಿಡಬಾರದು," ಎಂದರು.

ತಮ್ಮ ಕೈ ಜೋಡಿಸಿದ. "ಹಾಗಾದ್ರೆ ಒಂದೇ ಒಂದನ್ನ ತೆಗೆದು ನೋಡಿ ಸರ್. ಬಾಕಿದು ನಾಲ್ಕು ದಿನ ಬಿಟ್ಟುಬಿಡಿ. ಹತ್ತಾದ್ರೂ ಉಳಿದ್ರೆ ನನ್ನ ಅರ್ಜಿ ಉಳಿಯುತ್ತೆ."

ಇನ್‌ಸ್ಪೆಕ್ಟರು ಸ್ವಲ್ಪ ಯೋಚಿಸಿ ಒಪ್ಪಿದರು. ನನ್ನ ಎದೆಯ ಮೇಲಿನ ಕಲ್ಲು ಒಂದು ಇಂಚು ಸರಿಯಿತು.

"ನಂದನ್ನೇ ತೆಗೀರಿ," ಎಂದರು ಸರ್ವೇ ಸಾಹೇಬರು. "ಅಳತೆಗೆ ಸರಿಯಾಗಿ ಇಟ್ಟಿದ್ದೀನಿ."

ಹಗ್ಗ ಬಿಚ್ಚಿದರು. ಫಲಕ ಕಿತ್ತು ಗೋಡೆಗೆ ಒರಗಿಸಿದರು. ಗುದ್ದಲಿಯವನು ಉಸಿರು ಬಿಗಿಹಿಡಿದು, ಒಂದು ಕಣ್ಣು ಮುಚ್ಚಿಕೊಂಡು, ಮಣ್ಣು ಕೆದಕಿದ. ಒಂದು ಗೇಣು ಆಳದಲ್ಲಿ ಏನೋ ಬೆಳ್ಳಗೆ ಕಂಡಿತು. ಎರಡು ಬೆರಳಲ್ಲಿ ಹಿಡಿದು ಮೇಲೆತ್ತಿದ.

ಬನಿಯನ್. ಕೊಡವಿದರೆ ಮಣ್ಣು ಉದುರಿತು. ತೋಳು, ಕುತ್ತಿಗೆ, ಅಂಚು, ಎಲ್ಲವೂ ಅಂಗಡಿಯಿಂದ ತಂದಂತೆಯೇ ಇದ್ದವು. ಒಂದು ಸಲ ಒಗೆದರೆ ಮದುವೆಗೆ ಹಾಕಿಕೊಂಡು ಹೋಗಬಹುದಿತ್ತು.

ಸರ್ವೇ ಸಾಹೇಬರು ಮಂಡಿಯೂರಿ ಗುಂಡಿಯೊಳಗೆ ನೋಡಿದರು, ಕೈ ಹಾಕಿ ತಡಕಾಡಿದರು. ಎದ್ದು ನಿಂತಾಗ ಅವರ ಮುಖ ಆ ಬನಿಯನ್‌ಗಿಂತ ಬಿಳಿಯಾಗಿತ್ತು.

"ಉಪಕರಣ ಎಲ್ಲಿ?"

"ಸರ್, ಇದೇ—"

"ಕಳ್ಳತನ!" ಎಂದು ಅವರು ಕೂಗಿದರು. "ಉಪಕರಣ ಎತ್ಕೊಂಡು, ಗುಂಡಿ ಖಾಲಿ ಕಾಣಬಾರದು ಅಂತ ಬನಿಯನ್ ತುರುಕಿ ಹೋಗಿದ್ದಾನೆ ಕಳ್ಳ!"

ಈಗ ಬರೆಯುವಾಗ ನಗು ಬರುತ್ತದೆ. ಆಗ ಬರಲಿಲ್ಲ. ಆ ಮಾತು ಬಾಯಿಂದ ಬಿದ್ದದ್ದೇ ತಡ, ಗೇಟಿನಲ್ಲಿ ನಿಂತಿದ್ದ ಜನರೆಲ್ಲ ತಮ್ಮ ತಮ್ಮ ಮನೆಗೆ ಓಡಿದರು. ಗುದ್ದಲಿ ಇದ್ದವರು ಗುದ್ದಲಿ ಹಿಡಿದರು, ಇಲ್ಲದವರು ಸೌಟು ಹಿಡಿದರು. ತಮ್ಮ ಒಂದು ಗೇಟಿನಿಂದ ಇನ್ನೊಂದಕ್ಕೆ ಓಡುತ್ತಿದ್ದ.

"ಅಗೀಬೇಡಿ! ನಿಮ್ಮದು ಭದ್ರವಾಗಿದೆ!"

"ಅದನ್ನೇ ನೋಡ್ತಿದ್ದೀವಿ ಡಾಕ್ಟ್ರೇ!"

"ನಾಲ್ಕು ದಿನ! ಬರೀ ನಾಲ್ಕು ದಿನ!"

"ನಾಲ್ಕು ದಿನ ಬಿಟ್ರೆ ಕಳ್ಳ ಊರು ಬಿಟ್ಟಿರ್ತಾನೆ!"

ನಾನು ನಮ್ಮ ತೋಟದ್ದನ್ನಾದರೂ ಉಳಿಸೋಣವೆಂದು ಓಡಿದೆ. ಅಲ್ಲಿ ನನ್ನ ಯಜಮಾನರು ಆಗಲೇ ಮೊಣಕಾಲವರೆಗೆ ಪ್ಯಾಂಟು ಮಡಚಿ ಗುಂಡಿಯಲ್ಲಿದ್ದರು. "ನಮ್ಮದೂ ಹೋಗಿದೆ ಕಣೇ!" ಎಂದು ಒಂದು ಚಿಂದಿಯನ್ನು ಎತ್ತಿ ತೋರಿಸಿದರು. ಬೀದಿಯ ಕೊನೆಯಲ್ಲಿ ಕುಂಡ ಒಡೆದ ಸದ್ದು ಕೇಳಿಸಿತು.

ಹತ್ತು ನಿಮಿಷದಲ್ಲಿ ಹನ್ನೊಂದು ಬನಿಯನ್‌ಗಳು ಸರ್ವೇ ಸಾಹೇಬರ ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ಮಲಗಿದವು. ತಮ್ಮ ಅದೇ ಗೋಡೆಗೆ ಒರಗಿ ನೆಲದ ಮೇಲೆ ಕೂತ. "ಮುಗೀತು ಅಕ್ಕಾ. ಇನ್ನೊಂದ್ಸಲ ಹೂಳೋಕೆ ದಿನ ಇಲ್ಲ," ಎಂದ. ಅವನ ಉಗುರುಗಳಲ್ಲೆಲ್ಲ ಮಣ್ಣಿತ್ತು. ಚಿಕ್ಕವನಿದ್ದಾಗ ಆಟದಲ್ಲಿ ಸೋತು ಬಂದಾಗ ಹೀಗೇ ಕೂರುತ್ತಿದ್ದ. ಪಕ್ಕದಲ್ಲಿ ನನ್ನ ಯಜಮಾನರು ಫೋನು ಕೈಯಲ್ಲಿ ಹಿಡಿದು ನಿಂತಿದ್ದರು. ಕಂಪನಿಗೆ ಮಾಡಲೇ ಎಂದು ಕೇಳಬೇಕೆಂದಿದ್ದರು. ಅವನ ಮುಖ ನೋಡಿ ಕೇಳಲಿಲ್ಲ.

ಆಗ ಅಜ್ಜಿ ಬಾಯಿಬಿಟ್ಟರು.

"ಅಲ್ಲಾ, ಕಳ್ಳ ಅಂದ್ರಲ್ಲ. ಹನ್ನೆರಡು ಬನಿಯನ್ ಹೊತ್ಕೊಂಡು ಕದಿಯೋಕೆ ಬರೋ ಕಳ್ಳ ಯಾರ್ರೀ?"

"ನನ್ನ ಬನಿಯನ್!" ಎಂದರು ನನ್ನ ಯಜಮಾನರು ಇದ್ದಕ್ಕಿದ್ದಂತೆ, ಕುಂಡದಿಂದ ಬಂದದ್ದನ್ನು ಎತ್ತಿ ಹಿಡಿದು. "ಇಲ್ನೋಡಿ, ಕುತ್ತಿಗೆ ಹತ್ರ ನಾನು ಚೆಲ್ಲಿಕೊಂಡ ಕಾಫಿ ಕಲೆ! ಗಾಳಿಗೆ ಹೋಯ್ತು ಅಂದ್ಯಲ್ಲೇ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾಲ್ಕು ಜನರ ಮುಂದೆ ಮಾತಾಡಬೇಕೆಂದರೆ ಹಿಂದಿನ ದಿನವೇ ಹೊಟ್ಟೆ ನೋಯುವವಳು ನಾನು. ಆವತ್ತು ಹೊಟ್ಟೆಗೆ ಸಮಯ ಸಿಗಲಿಲ್ಲ.

"ಅವನು ಆಗಲೇ ನಿಜ ಹೇಳಿದ. ನೀವೇ ನಕ್ಕಿದ್ದು. ಉಪಕರಣ ಅಂತ ಏನೂ ಇಲ್ಲ. ಬನಿಯನ್ನೇ ಉಪಕರಣ."

ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಆಮೇಲಿನದನ್ನು ವಿವರವಾಗಿ ಬರೆಯುವುದು ನೆರೆಹೊರೆಯ ಸಂಬಂಧದ ದೃಷ್ಟಿಯಿಂದ ಒಳ್ಳೆಯದಲ್ಲ. ಮೂರನೇ ಮನೆಯವರು ತಮ್ಮ ಸಿಗ್ನಲ್ ವಾಪಸ್ ಕೇಳಿದರು. "ಹಾಗಾದ್ರೆ ನನ್ನ ಮೊಣಕಾಲು?" ಎಂದರು ಅಜ್ಜಿ, "ಇವರ ಬನಿಯನ್ನಿಂದ ವಾಸಿಯಾಯ್ತಾ?" ನನ್ನ ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದರು.

ಸರ್ವೇ ಸಾಹೇಬರ ದನಿ ಎಲ್ಲಕ್ಕಿಂತ ಕೆಳಗಿತ್ತು. "ಐವತ್ತಾರು ದಿನ. ದಿನಕ್ಕೆರಡು ಸಲ. ನೂರಾ ಹನ್ನೆರಡು ಸಹಿ. ಬನಿಯನ್‌ಗೆ."

ತಮ್ಮ ಎದ್ದು ನಿಂತ. ಅವನ ಜೀವನದಲ್ಲಿ ಮೊದಲ ಬಾರಿಗೆ, ನನಗೆ ಗೊತ್ತಿದ್ದಂತೆ, ಇಸ್ತ್ರಿಯಿಲ್ಲದ ಮಾತಾಡಿದ.

"ಸಾಹೇಬ್ರೇ, ನನಗೆ ನಾಚಿಕೆ ಆಯ್ತು. ಇಷ್ಟು ಓದಿ ಬನಿಯನ್ ಹೂಳ್ತಿದ್ದೀನಿ ಅಂತ ಹೇಳೋಕೆ ನಾಚಿಕೆ. ಅದು ನನ್ನ ತಪ್ಪು. ಆದ್ರೆ ಪ್ರಯೋಗ ಸುಳ್ಳಲ್ಲ. ಮಣ್ಣಿಗೆ ಜೀವ ಇದ್ರೆ ಅದು ಹತ್ತಿ ತಿನ್ನುತ್ತೆ. ಜಾಸ್ತಿ ತಿಂದಷ್ಟೂ ಮಣ್ಣು ಒಳ್ಳೇದು. ಹತ್ತು ತಿಂಗಳ ತರಬೇತಿ ಇದೆ, ಇದು ನನಗೆ ಕೊನೇ ಅವಕಾಶ. ಅಷ್ಟೇ."

ಆಮೇಲೆ, ಬೈಗುಳಕ್ಕೆ ಬಾಯಿ ತೆರೆದಿದ್ದ ಏಳನೇ ಮನೆಯವರು ಅದನ್ನು ಹಾಗೇ ಮುಚ್ಚಿ, ಗೋಡೆಯ ಮೇಲಿದ್ದ ತಮ್ಮ ಬನಿಯನ್ನನ್ನು ಓರೆಗಣ್ಣಿನಲ್ಲಿ ನೋಡಿದರು. ಪಕ್ಕದ್ದನ್ನೂ ನೋಡಿದರು.

"ನಮ್ಮದರಲ್ಲಿ ಎಡತೋಳು ಪೂರ್ತಿ ಇಲ್ಲ," ಎಂದರು ನಿಧಾನಕ್ಕೆ. "ಮೂರನೇ ಮನೇದು ಎರಡೂ ತೋಳಿದೆ."

"ತೋಳಿದ್ರೇನ್ರೀ? ಬೆನ್ನು ನೋಡಿ! ಬೆನ್ನಲ್ಲಿ ಮೂರು ತೂತು!"

"ಅದು ನೀವು ಸೌಟಲ್ಲಿ ಮಾಡಿದ್ದು!"

ಆಗ ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಟೈಲರಮ್ಮ ಬಂದರು. ಅವರ ಕೈಯಲ್ಲಿ ಒಂದು ಕುತ್ತಿಗೆಪಟ್ಟಿಯ ತುಂಡು, ಒಂದಷ್ಟು ನೈಲಾನ್ ದಾರ ಮಾತ್ರ ಇತ್ತು. "ನನ್ನ ಹತ್ರ ಸಿಕ್ಕಿದ್ದು ಇಷ್ಟೇನಪ್ಪ. ಕೆಳಗೆ ಇನ್ನೂ ಅಗೆದೆ, ಬರೀ ಎರೆಹುಳ. ನಿನ್ನ ಬನಿಯನ್ ಹಾಳಾಯ್ತೇನೋ, ಬೇರೆ ಹೊಲಿದುಕೊಡ್ಲಾ?"

ತಮ್ಮ ಆ ದಾರವನ್ನು ಎರಡೂ ಕೈಯಲ್ಲಿ ಹಿಡಿದ. "ಅಮ್ಮಾ, ಬೀದಿಗೆಲ್ಲ ನಿಮ್ಮ ಮಣ್ಣೇ ಫಸ್ಟು."

ಸರ್ವೇ ಸಾಹೇಬರು ಏನು ಕೇಳುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಕೇಳಲು ಅವರಿಗೆ ಅರ್ಧ ನಿಮಿಷ ಬೇಕಾಯಿತು.

"ನಂದು?"

"ಸರ್... ನಿಮ್ಮ ಬನಿಯನ್ ತುಂಬಾ ಚೆನ್ನಾಗಿದೆ."

ಇಷ್ಟರಲ್ಲಿ ಇನ್‌ಸ್ಪೆಕ್ಟರಿಗೆ ತಮ್ಮದೇ ಚಿಂತೆ ಶುರುವಾಗಿತ್ತು. ಜೀಪು ತಂದಾಗಿದೆ, ನೆಲ ಅಗೆದಾಗಿದೆ. ಮಹಜರು ಬರೆಯದೆ ಹೋಗುವ ಹಾಗಿಲ್ಲ. ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹರಡಿದರು. ನನ್ನ ಅಡುಗೆಮನೆಯ ತಕ್ಕಡಿ ಹೊರಗೆ ಬಂತು. ಒಂದೊಂದನ್ನೂ ಕೊಡವಿ, ಬಿಸಿಲಿಗೆ ಒಣಗಿಸಿ, ತೂಕ ಹಾಕಿದೆವು. ಟೈಲರಮ್ಮ ಟೇಪು ಹಿಡಿದು ಉಳಿದ ಬಟ್ಟೆಯ ಅಳತೆ ಕೂಗಿದರು. ಇನ್‌ಸ್ಪೆಕ್ಟರು ಬರೆದರು. ಆ ದಾಖಲೆಯ ಒಂದು ಪ್ರತಿ ನಮ್ಮಲ್ಲಿದೆ:

"ಕ್ರಮ ಸಂಖ್ಯೆ ಏಳು. ಸದರಿ ಬನಿಯನ್ನಿನ ಎಡತೋಳು ಸ್ಥಳದಲ್ಲಿ ಕಂಡುಬರಲಿಲ್ಲ. ಹೊಟ್ಟೆಯ ಭಾಗದಲ್ಲಿ ಅಂಗೈ ಅಗಲದ ರಂಧ್ರವಿದ್ದು, ಸದರಿ ರಂಧ್ರದ ಮೂಲಕ ಎದುರುಮನೆ ಸ್ಪಷ್ಟವಾಗಿ ಕಾಣುತ್ತದೆ. ಭೂಮಿಯಲ್ಲಿದ್ದ ಅವಧಿ ಐವತ್ತಾರು ದಿನ. ಶಂಕಿತರು: ಸೂಕ್ಷ್ಮಜೀವಿಗಳು."

ಇಪ್ಪತ್ತಮೂರು ಜನ ಸಾಕ್ಷಿ ಸಹಿ ಹಾಕಿದರು. ಸರ್ವೇ ಸಾಹೇಬರು "ಆಕ್ಷೇಪಣೆಗೆ ಒಳಪಟ್ಟು" ಎಂದು ಬರೆದು ಸಹಿ ಹಾಕಿದರು.

ಆ ರಾತ್ರಿ ತಮ್ಮ ಅರ್ಜಿ ಮುಂದಿಟ್ಟುಕೊಂಡು ಕೂತ. "ಅವಧಿ" ಎಂಬ ಖಾನೆಯ ಮೇಲೆ ಪೆನ್ನು ಆಡುತ್ತಿತ್ತು. ನಾನು ಪಾತ್ರೆ ತೊಳೆಯುತ್ತ ಆ ಪೆನ್ನನ್ನೇ ನೋಡುತ್ತಿದ್ದೆ. ಅರವತ್ತು ಎಂದು ಬರೆದರೆ ಯಾರು ಎಣಿಸುತ್ತಾರೆ? ಆದರೆ ಅವನು ಐವತ್ತಾರು ಎಂದು ಬರೆದು, ಕೆಳಗೆ "ಕಾರಣಕ್ಕೆ ಮಹಜರು ನೋಡಿ" ಎಂದು ಸೇರಿಸಿ, ಇಪ್ಪತ್ತಮೂರು ಸಹಿಗಳ ಆ ಕಾಗದವನ್ನೂ ಜೊತೆಗಿಟ್ಟು ಕಳಿಸಿದ. ನನ್ನ ಯಜಮಾನರು ಕಂಪನಿಯವರಿಗೆ ಫೋನು ಮಾಡಿ ಇನ್ನು ಹದಿನೈದು ದಿನ ಕೇಳಿದರು. ಯಾಕೆ ಎಂದು ನಾನು ಕೇಳಲಿಲ್ಲ. "ಅದರಲ್ಲಿ ನನ್ನ ಬನಿಯನ್ನೂ ಇದೆಯಲ್ಲ, ಏನಾಗುತ್ತೋ ನೋಡೋಣ," ಎಂದು ಅವರೇ ಹೇಳಿದರು.

ಅರ್ಜಿಯ ಕೊನೆಯ ದಿನ ದಾಟಿ ಒಂಬತ್ತನೆಯ ದಿನಕ್ಕೆ ಸಂದರ್ಶನ. ನಮ್ಮ ಹಜಾರದ ಮೇಜಿನ ಮೇಲೆ ಕಂಪ್ಯೂಟರ್, ಅದರಲ್ಲಿ ಮೂವರು. ನಡುವೆ ಕೂತಿದ್ದ ಬೆಳ್ಳಿಕೂದಲಿನ ಮೇಡಂ ಮಹಜರನ್ನು ಕೈಯಲ್ಲಿ ಹಿಡಿದಿದ್ದರು.

"ಅರವತ್ತು ದಿನ ಅಂತ ನಿಯಮ ಇತ್ತು. ಐವತ್ತಾರಕ್ಕೇ ಯಾಕೆ ತೆಗೆದ್ರಿ?"

"ಮೇಡಂ, ಸಾಮಾಜಿಕ ಸಹಭಾಗಿತ್ವದ ಅನಿರೀಕ್ಷಿತ—" ಎಂದು ತಮ್ಮ ಶುರುಮಾಡಿ, ನಿಲ್ಲಿಸಿ, "ನಾನು ಅಕ್ಕಪಕ್ಕದವರಿಗೆ ಸುಳ್ಳು ಹೇಳಿದ್ದೆ ಮೇಡಂ," ಎಂದ. ಮತ್ತೆ ಎಲ್ಲವನ್ನೂ ಹೇಳಿದ. ಎಡಗಡೆಯವರು ಬಾಯಿಗೆ ಕರವಸ್ತ್ರ ಹಿಡಿದುಕೊಂಡರು. ಮೇಡಂ ಮಾತ್ರ ನಗಲಿಲ್ಲ. "ನಾಲ್ಕು ದಿನ ಕಡಿಮೆ ಅಂದ್ರೆ ಕಡಿಮೆಯೇ. ಬೇರೆಯವರು ಪೂರ್ತಿ ಮಾಡಿದ್ದಾರಲ್ಲ," ಎಂದರು.

ಅಷ್ಟರಲ್ಲಿ ಬಾಗಿಲ ಹತ್ತಿರ ಕೆಮ್ಮು ಕೇಳಿಸಿತು. ನಾನು ತಡೆಯುವುದರೊಳಗೆ ಸರ್ವೇ ಸಾಹೇಬರು, ಇಸ್ತ್ರಿ ಅಂಗಿಯಲ್ಲಿ, ಕಡತ ಹಿಡಿದು ಕಂಪ್ಯೂಟರಿನ ಮುಂದೆ ನಿಂತಿದ್ದರು.

"ಮೇಡಂ, ಕ್ರಮ ಸಂಖ್ಯೆ ಒಂದು ನಂದು. ಇವರ ಫಲಿತಾಂಶಕ್ಕೆ ನನ್ನ ಆಕ್ಷೇಪಣೆ ಇದೆ. ನಾಲ್ಕು ದಿನ ಬಿಟ್ಟಿದ್ರೆ ನನ್ನ ಮಣ್ಣೂ ತಿಂತಿತ್ತೇನೋ. ಮರುಪರೀಕ್ಷೆ ಆಗಬೇಕು. ಔಷಧಿ ಹೊಡೆಯೋದು ನಿಲ್ಲಿಸಿ ಇವತ್ತಿಗೆ ಹದಿಮೂರು ದಿನ. ಎಲೆ ಎತ್ತೋದು ನಿಲ್ಲಿಸಿದ್ದೀನಿ. ಕಷ್ಟ ಆಗ್ತಿದೆ, ಆದ್ರೂ ನಿಲ್ಲಿಸಿದ್ದೀನಿ."

"ನಮಗೂ ಮರುಪರೀಕ್ಷೆ ಬೇಕು!" ಎಂದು ಕಿಟಕಿಯಿಂದ ಮೂರನೇ ಮನೆಯವರ ದನಿ ಬಂತು. "ನನಗೆ ಹೊಸ ಕುಂಡ ಬೇಕು!" ಎಂದರು ಅಜ್ಜಿ. "ಯಾರ್ಯಾರಿಗೆ ಸಿಪ್ಪೆ ಬೇಕೋ ನನ್ನ ಹಿತ್ತಲಿಗೆ ಬಂದು ತಗೊಂಡೋಗಿ, ಆದ್ರೆ ಬೆಳಿಗ್ಗೆ ಮಾತ್ರ," ಎಂದರು ಟೈಲರಮ್ಮ.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇವರನ್ನ ನೀವು ಕರೆದಿರಾ?" ಎಂದು ತಮ್ಮನನ್ನು ಕೇಳಿದರು.

"ಇಲ್ಲ ಮೇಡಂ. ಹೋಗಿ ಅಂದ್ರೂ ಹೋಗಲ್ಲ."

"ನೋಡಿ, ನಾನು ಇಪ್ಪತ್ತೆರಡು ವರ್ಷದಿಂದ ಔಷಧಿ ಕಡಿಮೆ ಮಾಡಿ ಅಂತ ಜನರಿಗೆ ಹೇಳ್ತಾ ಬಂದಿದ್ದೀನಿ," ಎಂದರು ಮೇಡಂ. "ಇಷ್ಟು ಬೇಗ ಒಬ್ಬರಾದ್ರೂ ನಿಲ್ಲಿಸಿದ್ದನ್ನ ನಾನು ಕಂಡಿಲ್ಲ. ಬರೀ ತೋಳು ಇದೆಯಾ ಇಲ್ವಾ ಅನ್ನೋದಕ್ಕೆ!" ಆಗ ನಕ್ಕರು. ನಕ್ಕು ನಕ್ಕು, ಕೊನೆಗೆ ಕನ್ನಡಕ ಹಾಕಿಕೊಳ್ಳಲು ಆಗದೆ ಪಕ್ಕದವರ ಕೈಗೆ ಕೊಟ್ಟರು.

ಪತ್ರ ಐದು ದಿನಕ್ಕೆ ಬಂತು. ಆಯ್ಕೆಯಾಗಿತ್ತು. ನನ್ನ ಯಜಮಾನರು ಅದನ್ನು ಎರಡು ಸಲ ಓದಿ, ಕಂಪನಿಗೆ ಫೋನು ಮಾಡಿ ಗಂಭೀರವಾಗಿ "ಉಹೂಂ" ಎಂದರು.

ತಮ್ಮ ರೈಲು ಹತ್ತುವ ದಿನ ಸರ್ವೇ ಸಾಹೇಬರು ಅವನನ್ನು ಪಕ್ಕಕ್ಕೆ ಕರೆದು, ನಾಲ್ಕು ಕಡೆ ಅಂಟು ಹಾಕಿದ ಒಂದು ಲಕೋಟೆ ಕೊಟ್ಟರು. ಒಳಗೆ ಒಂದು ಹಿಡಿ ಮಣ್ಣಿತ್ತು. "ಅಲ್ಲಿ ದೊಡ್ಡವರಿಗೆ ತೋರಿಸಿ, ಇದಕ್ಕೇನಾಗಿದೆ ಅಂತ ಕೇಳಿ ಡಾಕ್ಟ್ರೇ. ಯಾರದು ಅಂತ ಮಾತ್ರ ಹೇಳಬೇಡಿ."

ಮೂರು ವಾರದ ಮೇಲೆ ತಮ್ಮನ ಕಾಗದ ಬಂತು. ಫೋನಿನಲ್ಲಿ ಹೇಳಿದರೆ ಸಾಲದು, ಬರವಣಿಗೆಯಲ್ಲೇ ಬೇಕು ಎಂದು ಸರ್ವೇ ಸಾಹೇಬರು ತಿಳಿಸಿದ್ದರಂತೆ. ಅವರು ನಮ್ಮ ಹಜಾರದಲ್ಲಿ ಕುರ್ಚಿಯ ತುದಿಯಲ್ಲಿ ಕೂತರು. ನಾನು ಓದಿದೆ.

"'ಆ ಮಣ್ಣನ್ನು ಮೇಡಂ ಬೆರಳಲ್ಲಿ ತಿಕ್ಕಿ, ಮೂಸಿ ನೋಡಿದರು. ಇದು ತುಂಬ ಶಿಸ್ತಿನ ಮನುಷ್ಯರ ಮಣ್ಣಿನ ಹಾಗಿದೆ ಅಂದರು.'"

ಸರ್ವೇ ಸಾಹೇಬರ ಬೆನ್ನು ನೆಟ್ಟಗಾಯಿತು. "ಶಿಸ್ತು ಅಂದ್ರಾ? ಇನ್ನೊಂದ್ಸಲ ಓದಮ್ಮ."

ಇನ್ನೊಂದು ಸಲ ಓದಿದೆ. ಮುಂದಿನ ಸಾಲನ್ನು ಓದಲೋ ಬೇಡವೋ ಎಂದು ಯೋಚಿಸಿದೆ. ಅವರು ಕಾಯುತ್ತಿದ್ದರು. ಓದಿದೆ.

"'ಇದಕ್ಕೆ ಮದ್ದು ಒಂದೇ. ಆ ಮನುಷ್ಯರು ಇನ್ನು ಮೇಲೆ ಸ್ವಲ್ಪ ಸೋಮಾರಿಗಳಾಗಬೇಕು.'"

ಸರ್ವೇ ಸಾಹೇಬರು ಜೇಬಿನಿಂದ ನೋಟ್‌ಬುಕ್ ತೆಗೆದು, ಹೊಸ ಹಾಳೆಗೆ ಅಂಚು ಎಳೆದು, ಪೆನ್ನಿನ ಮುಚ್ಚಳ ಬಿಚ್ಚಿದರು.

"ದಿನಕ್ಕೆ ಎಷ್ಟು ಗಂಟೆ ಅಂತ ಬರೆದಿದ್ದಾರಮ್ಮ?"